ಶುಕ್ರವಾರದ ಕಲ್ಲು

ನಾನು ಹಿಕ್ಕೆ ಆರಿಸುವವಳು. ವಿಶ್ವವಿದ್ಯಾಲಯದ ನನ್ನ ಕೋಣೆಯ ಫಲಕದಲ್ಲಿ ಪ್ರಾಧ್ಯಾಪಕಿ ಎಂದಿದೆ. ಸೆಮಿನಾರಿಗೆ ಕರೆದವರು ಸಸ್ತನಿ ವಿಜ್ಞಾನಿ ಎಂದು ಪರಿಚಯಿಸಿ ಒಂದು ಗುಲಾಬಿ ಕೊಡುತ್ತಾರೆ. ಎಲ್ಲಾ ಸರಿ. ಆದರೆ ಕಾಡುಪ್ರಾಣಿ ಯಾವತ್ತೂ ಎದುರು ಕೂತು ಮುಖ ಕೊಟ್ಟು ಮಾತಾಡುವುದಿಲ್ಲ. ಅದು ಬಿಟ್ಟುಹೋದದ್ದನ್ನು ಕೆದಕಿಯೇ ಅದರ ಸಂಸಾರ ತಿಳಿಯಬೇಕು. ಏನು ತಿಂದಿತು, ಯಾವಾಗ ಬಂದಿತ್ತು, ಮನೆಯಲ್ಲಿ ಮರಿ ಇದೆಯೋ ಇಲ್ಲವೋ, ಎಲ್ಲ ಅದರಲ್ಲೇ ಇರುತ್ತದೆ. ಬಳ್ಳಾರಿಯ ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇಂಥ ಡಬ್ಬಿಗಳು ಇರುತ್ತಿದ್ದವು. ನನ್ನ ಗಂಡ ಪ್ರತಿ ಡಬ್ಬಿಯನ್ನೂ ಎತ್ತಿ ಹಿಡಿದು, "ಇದು ತಿನ್ನೂದೋ, ಓದೂದೋ?" ಎಂದು ಕೇಳಿಯೇ ಮುಚ್ಚಳ ತೆಗೆಯುತ್ತಿದ್ದ. ಒಮ್ಮೆ ಕೇಳದೆ ತೆಗೆದ. ಆಮೇಲೆ ನನಗೆ ಬೇರೆ ಫ್ರಿಜ್ಜು ಬಂತು.

ನನ್ನ ಅವ್ವನಿಗೆ ಮಾತ್ರ ಇದು ತಮಾಷೆಯ ವಿಷಯವಾಗಿರಲಿಲ್ಲ. ಅವ್ವ ಕುರುಗೋಡಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ತಮ್ಮನದು ಬಸ್ ನಿಲ್ದಾಣದ ಹತ್ತಿರ ಟೈರಿನ ಅಂಗಡಿ. ಮನೆ ತುಂಬ ಮಕ್ಕಳು, ಓಣಿ ತುಂಬ ನೆಂಟರು, ಅವರೆಲ್ಲರ ಮೇಲೆ ಅವ್ವನ ದರ್ಬಾರು. ಆದರೆ ಯಾರಾದರೂ ಬಂದು, "ನಿಮ್ಮ ಮಗಳು ಡಾಕ್ಟರಂತಲ್ಲಬೇ, ನನ್ನ ಮೊಣಕಾಲಿಗಿ ಏನರ ಔಷಧ ಕೊಡ್ತಾಳೇನು?" ಎಂದು ಕೇಳಿದರೆ ಆ ದರ್ಬಾರಿನ ಮುಖ ಸಣ್ಣದಾಗುತ್ತಿತ್ತು. "ಆಕಿ ಬ್ಯಾರೆ ಡಾಕ್ಟರು," ಎಂದು ಮಾತು ತಿರುಗಿಸುತ್ತಿದ್ದಳು. ಒಮ್ಮೆ ನನ್ನನ್ನು ಅಡುಗೆಮನೆಗೆ ಕರೆದು ನಾನು ನಿಜಕ್ಕೂ ಏನು ಮಾಡುತ್ತೇನೆಂದು ವಿಚಾರಿಸಿದಳು. ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, "ಇದನ್ನ ಹೊರಗ ಯಾರ ಮುಂದನೂ ಹೇಳಬ್ಯಾಡವ್ವ," ಎಂದು ರೊಟ್ಟಿ ತಿರುವಿಹಾಕಿದಳು.

ಸಂಬಳ ಬರುತ್ತಿದ್ದುದು ಹೆಗ್ಗಣದಿಂದ. ಸಿರುಗುಪ್ಪ ಎಂದರೆ ಭತ್ತ, ಭತ್ತ ಎಂದರೆ ಬದುವಿನೊಳಗಿನ ಹೆಗ್ಗಣ. ಅವನ್ನು ಹೇಗೆ ಕೊಲ್ಲಬೇಕೆಂದು ಹೇಳಿದರೆ ಯಾವ ಸರ್ಕಾರವಾದರೂ ಯೋಜನೆ ಕೊಡುತ್ತದೆ. ನನ್ನ ಪಿಎಚ್‌ಡಿ ಹೆಗ್ಗಣದ ಮೇಲೆ, ನನ್ನ ಬಡ್ತಿ ಹೆಗ್ಗಣದ ಮೇಲೆ. ನನ್ನ ಕೈಕೆಳಗೆ ಓದಿದವರೆಲ್ಲ ಹೆಗ್ಗಣದ ಮೇಲೆಯೇ ಬರೆದು, ಡಿಗ್ರಿ ಕೈಗೆ ಬಂದ ಮರುದಿನ ಆ ಮೂತಿಯನ್ನು ಮರೆತು ಬೇರೆ ಬೇರೆ ನೌಕರಿ ಹಿಡಿದರು. ಅವರನ್ನು ಬಯ್ಯುವುದಿಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಸಸ್ತನಿಗಳ ಐಚ್ಛಿಕ ವಿಷಯವನ್ನು ಆರಿಸಿಕೊಳ್ಳುವವರಿಲ್ಲವೆಂದು ಅದನ್ನೂ ಪಠ್ಯದಿಂದ ಕೈಬಿಟ್ಟರು. ನಾನು ಹೋದಮೇಲೆ ನನ್ನ ಜಾಗಕ್ಕೆ ಯಾರೂ ಬರುವುದಿಲ್ಲ. ಕಪಾಟಿನಲ್ಲಿರುವ ತಲೆಬುರುಡೆಗಳನ್ನು ಯಾರಾದರೂ ಗೋಣಿಚೀಲಕ್ಕೆ ತುಂಬುತ್ತಾರೆ. ಇದು ನನಗೆ ಗೊತ್ತು, ವಿಭಾಗದ ಜವಾನನಿಗೂ ಗೊತ್ತು.

ನೀರುನಾಯಿ ಸಿಕ್ಕಿದ್ದು ಹೆಗ್ಗಣದ ಬೋನು ಇಡಲು ಹೋದಾಗ. ಸಿರುಗುಪ್ಪ ದಾಟಿ ನದಿದಂಡೆಯ ಒಂದು ಸಣ್ಣ ಊರು. ಆ ಊರಿನ ಕೆಳಗೆ ತುಂಗಭದ್ರೆಯಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳಿವೆ. ಬೇಸಿಗೆಯಲ್ಲಿ ಹೊಳೆ ಬತ್ತಿ ತುಂಡು ತುಂಡಾದರೂ ಆ ಗುಂಡುಗಳ ನಡುವೆ ನೀರು ನಿಂತಿರುತ್ತದೆ. ಬೆಳಗಿನ ಹೊತ್ತು. ಒಂದು ತಾಯಿ, ಹಿಂದೆ ಮೂರು ಮರಿ, ನೀರಿನಿಂದ ಎದ್ದು ಬಂದು ಒಂದು ಚಪ್ಪಟೆ ಕಲ್ಲಿನ ಮೇಲೆ ಮೈ ಉಜ್ಜಿಕೊಂಡು, ಒಂದರ ಮೇಲೊಂದು ಬಿದ್ದು ಕಚ್ಚಾಡಿ, ಸಾಲಾಗಿ ಹಿಂಭಾಗ ಎತ್ತಿ ಹಿಕ್ಕೆ ಹಾಕಿ, ಮತ್ತೆ ನೀರಿಗೆ ಜಾರಿದವು. ಕೈಯಲ್ಲಿ ಬೋನು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದೆ. ಆವತ್ತಿನಿಂದ ಹೆಗ್ಗಣ ನನ್ನ ನೌಕರಿಯಾಯಿತು, ಇವು ನನ್ನ ಬಾಳಾದವು. ದೊಡ್ಡ ಮಾತು ಅನ್ನಿಸಬಹುದು. ಅನ್ನಿಸಲಿ.

ಆ ಕಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನೀರುನಾಯಿ ಕಂಡಕಂಡಲ್ಲಿ ಹಿಕ್ಕೆ ಹಾಕುವ ಪ್ರಾಣಿಯಲ್ಲ. ಅದಕ್ಕೊಂದು ಗೊತ್ತಾದ ಕಲ್ಲು ಇರುತ್ತದೆ. ತಾಯಿ ಬಳಸಿದ್ದನ್ನೇ ಮಗಳೂ ಬಳಸುತ್ತಾಳೆ. ಬಂದವರು ಮೂಸಿ ನೋಡುತ್ತಾರೆ, ತಮ್ಮದನ್ನೂ ಸೇರಿಸಿ ಹೋಗುತ್ತಾರೆ. ಈ ಹರವು ನಮ್ಮದು, ನಾವಿನ್ನೂ ಇಲ್ಲೇ ಇದ್ದೇವೆ ಎಂದು ಸಾರುವುದು ಆ ವಾಸನೆಯೇ. ಆ ವಾಸನೆ ಹೋದರೆ ಮನೆ ಹೋದಂತೆ. ಕಲ್ಲಿನ ಕೆಳಗೆ, ಎರಡು ಗುಂಡುಗಳ ಸಂದಿಯಲ್ಲಿ, ನೀರಿನ ಕಡೆಗೆ ಬಾಯಿ ಇರುವ ಒಂದು ಪೊಟರೆ ಇತ್ತು. ಮರಿಗಳು ಹುಟ್ಟುತ್ತಿದ್ದುದು ಅಲ್ಲಿ. ಆ ಸುತ್ತಿನಲ್ಲಿ ಅಂಥ ಜಾಗ ಇನ್ನೊಂದಿರಲಿಲ್ಲ, ನಾನು ಎಲ್ಲ ಕಡೆ ಹುಡುಕಿದ್ದೇನೆ. ಉಸುಕಿನ ಟ್ರ್ಯಾಕ್ಟರುಗಳು ವರ್ಷ ವರ್ಷ ಹತ್ತಿರ ಬರುತ್ತಿದ್ದವು. ನಾನು ನಿವೃತ್ತಳಾಗುವುದರೊಳಗೆ ಆ ಒಂದು ಹರವನ್ನು ಸಂರಕ್ಷಿತ ಜಾಗವೆಂದು ಘೋಷಿಸಬೇಕು, ಇದೊಂದೇ ನನಗೆ ಬೇಕಾಗಿತ್ತು. ಅರ್ಜಿ ಹಾಕಿದ್ದೆ. ಸರ್ಕಾರದ ವನ್ಯಜೀವಿ ಸಮಿತಿಯವರು ಬಂದು ನೋಡಬೇಕು, ಹಸಿ ಹಿಕ್ಕೆ ಕಾಣಬೇಕು, ಬರೆದುಕೊಂಡು ಹೋಗಬೇಕು. ಅಷ್ಟಾದರೆ ಆಯಿತು.

ವೇಳಾಪಟ್ಟಿಯಲ್ಲಿ ನನಗೆ ಶುಕ್ರವಾರ ತರಗತಿ ಇರಲಿಲ್ಲ. ಹಾಗಾಗಿ ನಾನು ಹೋಗುತ್ತಿದ್ದುದು ಶುಕ್ರವಾರ. ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕು, ಹಿಕ್ಕೆ ಹಸಿಯಾಗಿರುವಾಗಲೇ ನೋಡಬೇಕು ಎಂದು ಮನೆಯಲ್ಲಿ ಸ್ನಾನ ಮುಗಿಸಿ, ಒದ್ದೆಗೂದಲಿಗೆ ಸೆರಗು ಸುತ್ತಿಕೊಂಡೇ ಹೊರಡುತ್ತಿದ್ದೆ. ಗುಂಡಿನ ಮೇಲೆ ಚಪ್ಪಲಿ ಜಾರುತ್ತದೆ, ದಂಡೆಯಲ್ಲೇ ಬಿಡುತ್ತಿದ್ದೆ. ಕಲ್ಲಿನ ಮುಂದೆ ಮಂಡಿಯೂರಿ, ಎರಡೂ ಕೈ ಊರಿ, ಮೂಗು ತಾಗುವಷ್ಟು ಬಗ್ಗಿ ಮೂಸುತ್ತಿದ್ದೆ. ಹೊಸ ಹಿಕ್ಕೆಯ ವಾಸನೆ ಒಣಮೀನನ್ನೂ ಬಾಡಿದ ಮಲ್ಲಿಗೆಯನ್ನೂ ಒಂದೇ ಚೀಲದಲ್ಲಿ ಇಟ್ಟ ಹಾಗೆ ಇರುತ್ತದೆ, ಹಳೆಯದರಲ್ಲಿ ಮಲ್ಲಿಗೆ ಹೋಗಿ ಮೀನು ಉಳಿಯುತ್ತದೆ. ಆಮೇಲೆ ಚಿಟಿಕೆ ಚಿಟಿಕೆ ಎತ್ತಿ ಪೊಟ್ಟಣ ಕಟ್ಟುತ್ತಿದ್ದೆ. ಯಾವ ಕಲ್ಲು ಯಾವುದೆಂದು ಗುರುತಿಗೆ ಮೊದಮೊದಲು ಬಿಳಿ ಬಣ್ಣದ ಬೊಟ್ಟು ಇಡುತ್ತಿದ್ದೆ. ಬೆಳ್ಳಕ್ಕಿ ಹಿಕ್ಕೆಯ ಬಿಳಿ ಕಲೆಗಳ ನಡುವೆ ಅದು ಕಾಣಿಸುತ್ತಲೇ ಇರಲಿಲ್ಲ. ಕೊನೆಗೆ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಅಂಗಡಿಯಲ್ಲಿ ಕೆಂಪು ಎಣ್ಣೆಬಣ್ಣದ ಡಬ್ಬಿ ತಂದೆ. ಅಂಗಡಿಯವರು, "ಯಾವ ಗುಡಿಗ್ರಿ ಮೇಡಂ?" ಎಂದು ಕೇಳಿದರು. "ಗುಡಿಗಲ್ರಿ, ಕಲ್ಲಿಗೆ," ಎಂದೆ. "ಎರಡೂ ಒಂದೇ ಬಿಡ್ರಿ," ಎಂದು ಪೇಪರಿನಲ್ಲಿ ಸುತ್ತಿಕೊಟ್ಟರು.

ಓದುವವರಿಗೆ ಈಗ ಹೊಳೆದಿರುತ್ತದೆ. ನನಗೆ ಹೊಳೆಯಲಿಲ್ಲ. ಇಷ್ಟೆಲ್ಲ ಪ್ರಾಣಿಗಳ ನಡವಳಿಕೆ ನೋಡಿದವಳು, ನನ್ನ ನಡವಳಿಕೆ ದೂರದಿಂದ ಹೇಗೆ ಕಾಣುತ್ತದೆಂದು ಒಮ್ಮೆಯೂ ಯೋಚಿಸಲಿಲ್ಲ. ಶುಕ್ರವಾರ, ತಲೆಸ್ನಾನ, ಬರಿಗಾಲು, ಮಂಡಿಯೂರಿ ನಮಸ್ಕಾರ, ಕೆಂಪು ಬೊಟ್ಟು, ಕೊನೆಗೆ ಪ್ರಸಾದ ಪೊಟ್ಟಣ ಕಟ್ಟಿಕೊಂಡು ಹಿಂದಿರುಗುವ ಹೆಂಗಸು. ಇಡೀ ಜಿಲ್ಲೆಯಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ಅವಳು ಏನು ಮಾಡುತ್ತಿದ್ದಾಳೆಂದು ಒಂದೇ ಉತ್ತರ ಬರುತ್ತದೆ.

ಒಂದು ಶುಕ್ರವಾರ ಹೋದಾಗ ನನ್ನ ಕೆಂಪು ಬೊಟ್ಟಿನ ಮೇಲೆ ಕುಂಕುಮವಿತ್ತು. ಪಕ್ಕದಲ್ಲಿ ಎರಡು ಬಾಳೆಹಣ್ಣು, ಒಂದು ಊದುಬತ್ತಿ. ಯಾರೋ ದಾರಿಹೋಕರ ಕೆಲಸ ಎಂದುಕೊಂಡು ಹಣ್ಣನ್ನು ಪಕ್ಕಕ್ಕಿಟ್ಟು ನನ್ನ ಕೆಲಸ ಮುಗಿಸಿದೆ. ಮುಂದಿನ ವಾರ ಆ ಯಾರೋ ಅಲ್ಲೇ ಕೂತಿದ್ದಳು. ಊರಿನ ಒಬ್ಬ ಅಜ್ಜಿ. ದಿನಾ ಹೊಳೆಗೆ ಎಮ್ಮೆ ಹೊಡೆದುಕೊಂಡು ಬಂದು ಮೈ ತೊಳೆಯುವವಳು, ದೂರದಿಂದ ನೋಡಿ ಗುರುತಿತ್ತು, ಮಾತಾಡಿರಲಿಲ್ಲ. ನನ್ನನ್ನು ಕಂಡವಳೇ ಎದ್ದು ಬಂದು ಕಾಲು ಮುಟ್ಟಲು ಬಗ್ಗಿದಳು. ನಾನು ಹಾರಿ ಹಿಂದೆ ಸರಿದೆ.

"ಅಮ್ಮಾ, ನನ್ನ ಎಮ್ಮಿ ಕಳೆದಿತ್ತು. ನಾಲ್ಕು ಊರು ತಿರುಗಿದ್ವಿ. ಕಡೀಗಿ ನಿಮ್ಮ ಕಲ್ಲಿಗಿ ಬೇಡಿಕೊಂಡೆ. ಮರುದಿನ ನೋಡತೀನಿ, ಇದೇ ಕಲ್ಲಿನ ಮುಂದ ನಿಂತು ಮೆಲುಕು ಹಾಕಾಕತ್ತೈತಿ!"

"ಎಮ್ಮೆ ನೀರು ಕುಡಿಯೋಕೆ ಬಂದಿರುತ್ತಜ್ಜಿ," ಎಂದೆ.

"ಹೊಳಿ ಇಷ್ಟುದ್ದ ಐತಿ. ಇಲ್ಲೇ ಯಾಕ ಬರಬೇಕಿತ್ತು?"

ನಾನು ಸಮಾಧಾನದಿಂದ ಕೂರಿಸಿಕೊಂಡು ಎಲ್ಲ ಹೇಳಿದೆ: ಇಲ್ಲಿ ನೀರುನಾಯಿ ಬರುತ್ತವೆ, ನಾನು ಅವುಗಳ ಹಿಕ್ಕೆ ನೋಡಲು ಬರುತ್ತೇನೆ, ಈ ಬೊಟ್ಟು ಬರೀ ಗುರುತು. ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದೆ. ಅಜ್ಜಿ ಚಿತ್ರವನ್ನು ಕಣ್ಣಿಗೊತ್ತಿಕೊಂಡಳು. "ಅಮ್ಮನ ನಾಯಿ," ಎಂದಳು. ನಾನು ಹೇಲು ಎಂಬ ಶಬ್ದವನ್ನೇ ಬಾಯಿಬಿಟ್ಟು ಹೇಳಿದಾಗ ಮಾತ್ರ ಅವಳ ಮುಖ ಗಂಭೀರವಾಯಿತು. "ದೊಡ್ಡೋರು ನೀವು, ಓದಿದೋರು. ಪರೀಕ್ಷಾ ಮಾಡಾಕ ಹಂಗ ಅಂತೀರಿ. ನನಗ ತಿಳೀತೈತಿ," ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ಹತ್ತಿರದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನಿಗೆ ನನ್ನ ಕೆಲಸ ಚೆನ್ನಾಗಿ ಗೊತ್ತಿತ್ತು. ನೀರುನಾಯಿಗಳು ಅವನ ಬಲೆ ಹರಿದಾಗಲೆಲ್ಲ, "ನಿಮ್ಮ ಮಕ್ಕಳಿಗಿ ಸ್ವಲ್ಪ ಬುದ್ಧಿ ಹೇಳ್ರಿ ಮೇಡಂ," ಎಂದು ನನ್ನನ್ನೇ ಬಯ್ಯುತ್ತಿದ್ದ. "ಅಜ್ಜಿಗಿ ನೀನಾದರೂ ಹೇಳಪ್ಪ," ಎಂದೆ. "ಅಯ್ಯ, ನಾ ಯಾಕ್ ಹೇಳಲ್ರಿ? ದೇವರಾದರ ನಾಳಿಂದ ಕಾಯಿ, ಮಂಡಕ್ಕಿ ಮಾರಬಹುದು," ಎಂದ. ನಾನೂ ನಕ್ಕೆ. ಆಗ ನಗಬಹುದಾಗಿತ್ತು.

ಕಲ್ಲಿಗೆ ಹೆಸರು ಬಂತು. ಶುಕ್ರವಾರದಮ್ಮ. ಒಬ್ಬ ಗುಮಾಸ್ತ ಕೂತು ಮಾಡಿದ ವೇಳಾಪಟ್ಟಿಯಿಂದ ಒಬ್ಬ ದೇವತೆ ಹುಟ್ಟಿದಳು! ಬೇರೆಯವರಿಗೆ ಹೀಗಾಗಿದ್ದರೆ ನಾನು ವರ್ಷಪೂರ್ತಿ ಹೇಳಿಕೊಂಡು ನಗುತ್ತಿದ್ದೆ.

ಸುಳ್ಳು ಯಾಕೆ ಹೇಳಲಿ, ಮೊದಲ ಕೆಲವು ವಾರ ನನಗೆ ಖುಷಿಯೇ ಆಯಿತು. ಏಕೆಂದರೆ ಉಸುಕಿನ ಟ್ರ್ಯಾಕ್ಟರು ನಿಂತವು. ನಾನು ಎಷ್ಟು ಅರ್ಜಿ ಬರೆದಿದ್ದೆ, ಎಷ್ಟು ಕಚೇರಿಯ ಬಾಗಿಲು ಕಾಯ್ದಿದ್ದೆ. ಒಂದು ಟ್ರ್ಯಾಕ್ಟರೂ ಒಂದು ಮಾರು ಹಿಂದೆ ಸರಿದಿರಲಿಲ್ಲ. ಅಜ್ಜಿ ದಾರಿಗೆ ಅಡ್ಡ ನಿಂತು, "ಅಮ್ಮನ ಜಾಗದಾಗ ಸಲಿಕಿ ಹಾಕ್ತೀರೇನಲೇ? ಹಾಕ್ರಿ ನೋಡೋಣು," ಎಂದದ್ದೇ ತಡ, ಚಾಲಕರು ಕೈಮುಗಿದು ಗಾಡಿ ತಿರುಗಿಸಿದರಂತೆ. ಬಲೆಗಳೂ ಅಲ್ಲಿಂದ ದೂರವಾದವು. ಅಯ್ಯೋ, ಇದೇ ಒಳ್ಳೆಯದಲ್ಲವೇ, ಸರ್ಕಾರ ಮಾಡದ್ದನ್ನು ಕುಂಕುಮ ಮಾಡಿತಲ್ಲ ಎಂದುಕೊಂಡೆ. ಆ ಸಂಜೆ ಬಳ್ಳಾರಿಗೆ ಬಂದು ಗಂಡನನ್ನೂ ಎಳೆದುಕೊಂಡು ಹೋಗಿ ಒಗ್ಗರಣೆ ಮಿರ್ಚಿ ತಿಂದೆ. ಅವನು, "ಇವತ್ತೇನು ವಿಶೇಷ?" ಎಂದ. "ನಾನೊಂದು ದೇವರು ಮಾಡೀನಿ," ಎಂದೆ. "ಇನ್ನೊಂದು ಫ್ರಿಜ್ಜು ಬೇಕೇನು?" ಎಂದ.

ನಾನು ಮರೆತಿದ್ದೆ, ನಮ್ಮ ಜನ ದೇವರನ್ನು ಇದ್ದಂತೆ ಇರಲು ಬಿಡುವುದಿಲ್ಲ. ಮೊದಲು ತೊಳೆಯುತ್ತಾರೆ.

ಅಜ್ಜಿ ದಿನಾ ಬೆಳಗಾಗುವ ಮೊದಲು ಬಂದು ಕಲ್ಲು ತಿಕ್ಕಲು ಶುರುಮಾಡಿದಳು. ಹುಣಸೆಹಣ್ಣು, ಬೂದಿ, ಆಮೇಲೆ ಅರಿಶಿನ, ಆಮೇಲೆ ಹಾಲು. ಹೊಸ ಹಿಕ್ಕೆ ಕಂಡ ದಿನ ಇನ್ನೂ ಹೆಚ್ಚು ತಿಕ್ಕುತ್ತಿದ್ದಳು. ನೀರುನಾಯಿಗಳೂ ಸುಲಭಕ್ಕೆ ಬಿಡಲಿಲ್ಲ. ವಾಸನೆ ಅಳಿಸಿದಷ್ಟೂ ಮತ್ತೆ ಬಂದು ಹಾಕಿದವು. ಮೊದಲಿಗಿಂತ ಹೆಚ್ಚು ಹಾಕಿದವು. ಇಲ್ಲಿದ್ದೇವೆ, ಇಲ್ಲಿದ್ದೇವೆ ಎಂದು ಅವು ಹೇಳುವುದು, ಇವಳು ಒರೆಸುವುದು. ಒಂದು ಶುಕ್ರವಾರ ಅಜ್ಜಿ ನನ್ನ ಕೈಹಿಡಿದು ಅತ್ತುಬಿಟ್ಟಳು. "ಯಾವುದೋ ಸುಡುಗಾಡು ನಾಯಿ ದಿನಾ ಅಮ್ಮನ ಮ್ಯಾಲ ಹೇತು ಹೊಕ್ಕೈತ್ರಿ. ನನಗ ನೋಡಾಕ ಆಗವಲ್ದು."

"ಅಜ್ಜಿ, ಅದೇ ನೀರುನಾಯಿ! ಆ ಚಿತ್ರ ತೋರಿಸಿದೆನಲ್ಲ, ಅದೇ!"

"ಅದು ಅಮ್ಮನ ನಾಯಿ. ಅಮ್ಮನ ನಾಯಿ ಹಂಗ ಯಾಕ ಮಾಡೀತು?"

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ನಾನು ಜೋರಾಗಿಯೇ ಕೂಗಾಡಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ತೊಳೆಯಬೇಡ, ಹಾಲು ಹಾಕಬೇಡ, ಮುಟ್ಟಲೇ ಬೇಡ ಎಂದೆ. ಅಷ್ಟು ಹೊತ್ತಿಗೆ ಪೂಜೆಗೆ ಬಂದ ಹೆಂಗಸರು ಸುತ್ತ ನೆರೆದಿದ್ದರು. ಆಂಧ್ರದ ಕಡೆಯಿಂದ ಬಂದ ಒಬ್ಬಾಕೆ, "ಅಮ್ಮವಾರು ಒಂಟಿ ಮೀದಕಿ ವಚ್ಚಿಂದಿ," ಎಂದು ನನ್ನ ಪಾದಕ್ಕೆ ನೀರು ಹಾಕಿದಳು. ಮೈಮೇಲೆ ಬಂದಿದೆಯಂತೆ ನನಗೆ! ಸಿಟ್ಟು ಮಾಡಿದರೂ ಪೂಜೆ. ಅಂಥವರ ಕೈಗೆ ಸಿಕ್ಕ ಮೇಲೆ ಬಾಯಿ ಮುಚ್ಚಿಕೊಂಡು ಬಸ್ ಹತ್ತುವುದೇ ಉಳಿದದ್ದು.

ಮುಂದಿನದು ಬೇಗ ಬೇಗ ಆಯಿತು. ಊರಿನಲ್ಲಿ ಒಂದು ಕಮಿಟಿ ಆಯಿತು. ನಾಯಿ ಬರದ ಹಾಗೆ ಒಬ್ಬ ಕಾವಲುಗಾರ, ಅವನ ಕೈಗೊಂದು ಬಡಿಗೆ. ಕತ್ತಲಲ್ಲಿ ನಾಯಿ ಕಾಣಬೇಕಲ್ಲ, ಅದಕ್ಕೆ ಎರಡು ಟ್ಯೂಬ್‌ಲೈಟು. ಕಾವಲುಗಾರನಿಗೆ ನಿದ್ದೆ ಬರಬಾರದು, ಅದಕ್ಕೆ ಮೈಕು. ಕಲ್ಲಿಗೆ ಬೆಳ್ಳಿಯ ಕಣ್ಣು ಅಂಟಿಸಿದರು, ಮೇಲೆ ತಗಡಿನ ಚಪ್ಪರ ಹಾಕಿದರು. ನಾನು ಒಂದೊಂದು ಶುಕ್ರವಾರ ಹೋದಾಗಲೂ ಸುತ್ತಲಿನ ಉಳಿದ ಕಲ್ಲುಗಳನ್ನು ಹುಡುಕಿದೆ. ಮೊದಲು ಹಿಕ್ಕೆ ಕಡಿಮೆಯಾಯಿತು. ಆಮೇಲೆ ಒಣಗಿದ್ದು ಮಾತ್ರ ಸಿಕ್ಕಿತು, ಪುಡಿ ಪುಡಿ, ಮೀನಿನ ಹುರುಪೆ ಮಾತ್ರ. ಆಮೇಲೆ ಏನೂ ಇಲ್ಲ. ಮೀನುಗಾರನನ್ನು ಕೇಳಿದೆ. ಅವನು ಈಗ ತೆಂಗಿನಕಾಯಿ ಮಾರುತ್ತಿದ್ದ. "ಕಂಡಿಲ್ರಿ ಮೇಡಂ. ಬಲಿ ಹರಿಯವರೇ ಇಲ್ಲ ನೋಡ್ರಿ ಈಗ," ಎಂದ. ಅವನ ದನಿಯಲ್ಲಿ ಖುಷಿ ಇರಲಿಲ್ಲ.

ಸಮಿತಿಯವರು ಆಗ ಬಂದರು. ವರ್ಷಗಟ್ಟಲೆ ಕರೆದರೂ ಬಾರದವರು ಸರಿಯಾಗಿ ಆ ತಿಂಗಳೇ ಬರಬೇಕೆ? ಬೆಂಗಳೂರಿನಿಂದ ಇಬ್ಬರು, ಜೊತೆಗೆ ಇಲ್ಲಿಯ ಒಬ್ಬ ಅಧಿಕಾರಿ. ಯಾರೋ ದೊಡ್ಡವರು ಬರುತ್ತಾರೆಂದು ಊರವರಿಗೆ ಹೇಗೋ ತಿಳಿದಿತ್ತು. ಜೀಪು ನಿಲ್ಲುತ್ತಲೇ ಹಲಗೆ ಬಡಿದು, ಮೂವರಿಗೂ ಮಾಲೆ ಹಾಕಿ, ಹಣೆಗೆ ಕುಂಕುಮ ಹಚ್ಚಿ, ನೇರವಾಗಿ ಕಲ್ಲಿನ ಮುಂದೆ ನಿಲ್ಲಿಸಿದರು. ಅವರಲ್ಲಿ ಹಿರಿಯರು ಬೆಳ್ಳಿ ಕಣ್ಣುಗಳನ್ನೂ ನನ್ನನ್ನೂ ನೋಡಿದರು. "ಇದೇನಾ ನೀವು ಬರೆದ ಮುಖ್ಯ ಸ್ಥಳ?" ಎಂದರು. ಹೌದು ಎಂದೆ. "ಹಿಕ್ಕೆ?" ಎಂದರು. ತೊಳೆದುಬಿಟ್ಟಿದ್ದಾರೆ ಎಂದೆ. ಹೇಳುವಾಗಲೇ ಅದು ಎಷ್ಟು ಹುಚ್ಚು ಮಾತಾಗಿ ಕೇಳುತ್ತದೆಂದು ನನಗೇ ಗೊತ್ತಾಯಿತು. ಹೊಳೆಯುದ್ದಕ್ಕೂ ನಡೆದೆವು. ಬಿಸಿಲು ಏರಿತು. ಒಂದು ಹೆಜ್ಜೆಗುರುತೂ ಸಿಗಲಿಲ್ಲ. ಹಿಂದಿರುಗಿದಾಗ ಕಮಿಟಿಯವರು ಅವರ ಎದುರಿಗೇ ನನಗೆ ಶಾಲು ಹೊದಿಸಿ, ಮೈಕಿನಲ್ಲಿ, "ಅಮ್ಮನವರನ್ನ ಮೊಟ್ಟಮೊದಲು ಗುರುತಿಸಿದ ತಾಯಿ ಇವರೇ," ಎಂದು ಸಾರಿದರು. ಬೆಂಗಳೂರಿನವರಿಬ್ಬರೂ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಒಬ್ಬರು ನನ್ನ ಮುಖ ನೋಡಲಾಗದೆ ನೀರಿನ ಕಡೆ ತಿರುಗಿ ನಿಂತರು. ಜೀಪು ಹತ್ತುವಾಗ ಅವರೇ, "ಕ್ಷಮಿಸಿ ಮೇಡಂ," ಎಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಅರ್ಜಿ ಬಿದ್ದುಹೋಯಿತು. ಇನ್ನೊಮ್ಮೆ ಹಾಕುವಷ್ಟು ನನ್ನ ನೌಕರಿಯೂ ಉಳಿದಿಲ್ಲ, ಹಾಕಿದರೂ ತೋರಿಸಲು ಏನಿದೆ?

ಶಾಲು ಹೊದಿಸಿದ ಚಿತ್ರ ವಾಟ್ಸ್‌ಆ್ಯಪಿನಲ್ಲಿ ಕುರುಗೋಡಿಗೆ ನನಗಿಂತ ಮೊದಲೇ ತಲುಪಿತು. ಅವ್ವ ಫೋನು ಮಾಡಿದಳು. ಅವಳ ದನಿ ಹಾಗೆ ಏರಿದ್ದನ್ನು ನಾನು ಕೇಳಿರಲಿಲ್ಲ. "ಇಡೀ ಓಣಿ ನೋಡೈತಿ! ಇಂಥ ಕೆಲಸ ಮಾಡಿ ಒಂದು ಮಾತು ಹೇಳಿಲ್ಲಲ್ಲಬೇ ನನಗ!" ಎಂದಳು. ಪಿಎಚ್‌ಡಿ ಬಂದಾಗ, ಪ್ರಾಧ್ಯಾಪಕಿಯಾದಾಗ, ಆಯ್ತವ್ವ ಒಳ್ಳೇದಾಯ್ತು ಎಂದಷ್ಟೇ ಅಂದವಳು. ಬಾಯಿಗೆ ಬಂದ ಮಾತನ್ನು ನುಂಗಿದೆ. ನುಂಗದೆ ಏನು ಮಾಡಲಿ, ಎಂಬತ್ತರ ಮೇಲಾಗಿರುವ ಹೆಂಗಸಿಗೆ ಮಗಳ ಬಗ್ಗೆ ಮೊದಲ ಸಲ ಹೆಮ್ಮೆಯಾಗಿತ್ತು.

ಅದರ ಮುಂದಿನ ಶುಕ್ರವಾರವೇ ತಮ್ಮ ಅವಳನ್ನು ಕಾರಿನಲ್ಲಿ ಕರೆತಂದ. ನಾನು ಬಳ್ಳಾರಿಯಿಂದ ಹೋಗಿ ಸಿರುಗುಪ್ಪದಲ್ಲಿ ಕೂಡಿಕೊಂಡೆ. ದಾರಿಯುದ್ದಕ್ಕೂ ಅವ್ವ ನನ್ನ ಕೈ ಬಿಡಲಿಲ್ಲ. ಎಮ್ಮೆಯ ಅಜ್ಜಿಯೂ ಅವ್ವನೂ ಮೊದಲ ನೋಟಕ್ಕೇ ಹಳೆಯ ಗೆಳತಿಯರ ಹಾಗಾದರು. ಇಬ್ಬರೂ ನನ್ನ ಬಗ್ಗೆಯೇ, ನಾನು ಅಲ್ಲಿಲ್ಲ ಎನ್ನುವ ಹಾಗೆ ಮಾತಾಡಿದರು. ಪೂಜೆ ಆಯಿತು. ಕಾಲು ತೊಳೆಯುತ್ತೇನೆಂದು ಅವ್ವ ಗುಂಡುಗಳ ಮೇಲೆ ನೀರಿಗೆ ಇಳಿಯಹೋಗಿ ಜಾರಿದಳು. ತಮ್ಮ ರಟ್ಟೆ ಹಿಡಿದದ್ದಕ್ಕೆ ಉಳಿದಳು. ಒಂದು ಕಡೆ ಕೂತು ನನ್ನ ಮುಖ ನೋಡಿದಳು.

"ನೀ ಏನೂ ಬೇಡಿಕೊಳ್ಳಲಿಲ್ಲಲ್ಲ. ನಿನ್ನ ದೇವರು, ನಿನಗ ಕೊಡ್ತಾಳ. ಏನು ಬೇಕು ಹೇಳು."

ಏನೂ ಬೇಡ ಎನ್ನಬೇಕಿತ್ತು. ಆದರೆ ಬಿಸಿಲಿತ್ತು, ದಣಿದಿದ್ದೆ, ಕೇಳುತ್ತಿದ್ದವಳು ಅವ್ವ. ಯಾರಿಗೂ ಹೇಳದಿದ್ದದ್ದು ಹೊರಗೆ ಬಂತು. "ನೀರುನಾಯಿ ಹೋಗ್ಯಾವವ್ವ," ಎಂದೆ. "ನನಗ ಅವು ಬೇಕು. ಅವು ತಿರುಗಿ ಬಂದ್ರ ಸಾಕು." ಹೇಳುತ್ತ ಹೇಳುತ್ತ ಅಳು ಬಂತು. ಇಷ್ಟು ವಯಸ್ಸಾದವಳು ಜನರ ಮುಂದೆ ಗೊಳೋ ಎಂದು ಅತ್ತೆ. ಅವ್ವ ನನ್ನ ತಲೆ ನೇವರಿಸಿದಳು. ನನ್ನ ಕೆಲಸದ ಹೆಸರು ಹೇಳಲು ನಾಚುತ್ತಿದ್ದವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎದ್ದು, ಕಲ್ಲಿನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಯವ್ವಾ, ನನ್ನ ಮಗಳ ನೀರುನಾಯಿ ತಿರುಗಿ ಬರಲಿ. ಇಲ್ಲಿಂದ ನೀರಿನ ತನಕ ಮೆಟ್ಟಲ ಕಟ್ಟಿಸ್ತೀನಿ," ಎಂದು ಹರಕೆ ಹೊತ್ತಳು.

ನನಗೆ ಆಗ ಆ ಮಾತಿನ ಅರ್ಥ ಪೂರ್ತಿ ಇಳಿಯಲಿಲ್ಲ. ಹರಕೆ ತೀರಿಸುವುದು ಬೇಡಿದ್ದು ಸಿಕ್ಕಮೇಲೆ, ಬೇಡಿದ್ದು ಸಿಗುವುದಿಲ್ಲ, ಹಾಗಾಗಿ ಮೆಟ್ಟಿಲೂ ಇಲ್ಲ ಎಂದು ಎಲ್ಲೋ ಒಳಗೆ ಲೆಕ್ಕ ಹಾಕಿಕೊಂಡಿರಬೇಕು. ಎಮ್ಮೆಯ ಅಜ್ಜಿಯ ಲೆಕ್ಕ ಬೇರೆಯಿತ್ತು. ಅವಳು ಆಮೇಲೆ ಅವ್ವನಿಗೆ ಫೋನು ಮಾಡಿಸಿ, "ಮೊದಲ ಕಟ್ಟಿಸಿಬಿಡ್ರಿ ಅಕ್ಕಾರ. ಅಮ್ಮ ಋಣದಾಗ ಬೀಳಲಿ. ಆಮ್ಯಾಲ ಕೊಡಲಾರದ ಎಲ್ಲಿಗಿ ಹೊಕ್ಕಾಳ?" ಎಂದಳಂತೆ. ಅವ್ವನಿಗೆ ಅದು ಸರಿ ಕಂಡಿತು. ನನಗೆ ಪರೀಕ್ಷೆಯ ಕೆಲಸ ಬಿದ್ದು ಎರಡು ಮೂರು ಶುಕ್ರವಾರ ಹೋಗಲಾಗಲಿಲ್ಲ. ಮಗಳಿಗೆ ಹೇಳಬೇಡಿ, ಬಂದಾಗ ನೋಡಿ ಖುಷಿಪಡಲಿ ಎಂದು ಅವ್ವನೇ ಎಲ್ಲರಿಗೂ ತಾಕೀತು ಮಾಡಿದ್ದಳು. ನನ್ನ ತಮ್ಮ ಟ್ರ್ಯಾಕ್ಟರಿನಲ್ಲಿ ಸಿಮೆಂಟು ಕಳಿಸಿದ.

ನಾನು ಹೋದಾಗ ಮೆಟ್ಟಿಲು ಒಣಗಿತ್ತು. ಕೆಲಸ ಅಚ್ಚುಕಟ್ಟು, ಅದರಲ್ಲಿ ಮಾತಿಲ್ಲ. ಅಗಲ ಅಗಲ ಮೆಟ್ಟಿಲು, ಪಕ್ಕಕ್ಕೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಗುಂಡುಗಳ ನಡುವಿನ ಸಂದಿಗಳಿಗೆಲ್ಲ ಜಲ್ಲಿ ತುಂಬಿ, ಮೇಲೆ ಕಾಂಕ್ರೀಟು ಸುರಿದು, ನೀರಿನ ಅಂಚಿಗೆ ತಂದು ನಿಲ್ಲಿಸಿದ್ದರು. ಪೊಟರೆ ಎಲ್ಲಿತ್ತೆಂದು ನಾನು ಎರಡು ಸಲ ಮೇಲೆ ಕೆಳಗೆ ಹತ್ತಿಳಿದು ನೋಡಿದೆ. ಮೂರನೆಯ ಮೆಟ್ಟಿಲಿನ ಒಳಗೆ ಅದು ಹೋಗಿತ್ತು. ನಾನು ಅದರ ಮೇಲೆ ಕೂತೆ. ಸಿಟ್ಟು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಯಾರ ಮೇಲೆ ಮಾಡಿಕೊಳ್ಳಲಿ? ಅವು ಎಲ್ಲಿಗೋ ದೂರ ಹೋಗಿದ್ದು, ಎಂದಾದರೊಂದು ದಿನ ಮರಿ ಹಾಕಲು ತಮ್ಮ ಜಾಗ ನೆನೆದು ಬರಬಹುದು ಎಂದು ನನ್ನೊಳಗೆ ಒಂದು ಚೂರು ಆಸೆ ಇಟ್ಟುಕೊಂಡಿದ್ದೆ. ಅದು ಇತ್ತು ಎಂದೇ ಆವತ್ತಿನವರೆಗೆ ನನಗೆ ತಿಳಿದಿರಲಿಲ್ಲ. ಹೆಂಗಸರು ನನ್ನ ಪಕ್ಕದಿಂದ ಸರಿದು, ಬಿಂದಿಗೆ ಹಿಡಿದು ಇಳಿದು ಹೋಗುತ್ತಿದ್ದರು.

ಈಗ ನಾನು ಅಲ್ಲಿಗೆ ಹೋಗುವುದಿಲ್ಲ. ಹೆಗ್ಗಣದ ಕೊನೆಯ ಯೋಜನೆಯ ವರದಿ ಬರೆಯುತ್ತಿದ್ದೇನೆ. ಅವ್ವನ ಫೋನು ಮಾತ್ರ ತಪ್ಪುವುದಿಲ್ಲ. ಊಟ ಆಯಿತೇ, ಅಳಿಯ ಹೇಗಿದ್ದಾನೆ ಎಂದೆಲ್ಲ ಕೇಳಿ, ಕೊನೆಗೆ ದನಿ ತಗ್ಗಿಸುತ್ತಾಳೆ.

"ಬಂದ್ವೇನು?"

"ಇನ್ನಾ ಇಲ್ಲವ್ವ."

"ಬರ್ತಾವ ತಗಾ. ಸಣ್ಣ ಸಣ್ಣ ಮರಿ ಕಟಗೊಂಡು ಆ ಜಾರು ಕಲ್ಲಿನ ಮ್ಯಾಲ ಹೆಂಗ ಹತ್ತಬೇಕು ಅವು? ಈಗ ಮೆಟ್ಟಲ ಐತಲ್ಲ. ಆರಾಮ ಹತ್ತಿ ಬರ್ತಾವ."

ನಾನು ಹೂಂ ಅನ್ನುತ್ತೇನೆ.